ಕಂಪ್ಯೂಟರಿಗೊಂದು ಕೋಟು

ನಮ್ಮ ಮನೆಯ ಕಂಪ್ಯೂಟರು ಮೊದಮೊದಲು ಗುನುಗುತ್ತಿತ್ತು. ಆಮೇಲೆ ಗೊಣಗತೊಡಗಿತು. ಕಳೆದ ಎರಡು ವಾರಗಳಿಂದ ಮಾತ್ರ ಮಾನ ಮರ್ಯಾದೆ ಬಿಟ್ಟು ಅರಚುತ್ತಿತ್ತು. ನಾನು ಆಟ ತೆರೆದು ಐದು ನಿಮಿಷ ಆಗಿರುತ್ತಿರಲಿಲ್ಲ, ಮೇಜಿನ ಕೆಳಗಿನ ಡಬ್ಬದೊಳಗೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳೆರಡೂ ಸೇರಿ ಅಂಥ ರಂಪ ಎಬ್ಬಿಸುತ್ತಿದ್ದವು ಎಂದರೆ, ಎದುರು ಮನೆಯವರು ಎದ್ದು ಕಿಟಕಿ ಮುಚ್ಚುತ್ತಿದ್ದರು. ಮುಚ್ಚುವ ಮೊದಲು ನನ್ನ ಕಡೆ ಒಂದು ನೋಟ ಬೇರೆ. ಮೇಜಿನ ಕೆಳಗೆ ಕಾಲು ಚಾಚಿದರೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಬಡಿಯುತ್ತಿತ್ತು.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂರುವವಳು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಳಗಡೆ ಡ್ರಿಲ್ಲಿನ ಕಿರ್ ಸದ್ದು, ಹೊರಗಡೆ ದವಡೆ ಹಿಡಿದು ಕೂತವರ ನರಳಾಟ, ನಡುವೆ ನನ್ನ ನಗುಮುಖ. "ಏನೂ ನೋಯಲ್ಲ ಸಾರ್, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ದಿನಕ್ಕೆ ನಲವತ್ತು ಸಲ ಹಸಿ ಸುಳ್ಳು ಹೇಳುತ್ತೇನೆ. ನನಗೆ ಕೆಲಸ ಕೊಟ್ಟಿರುವುದೇ ಅದಕ್ಕೆ. ಇಡೀ ದಿನ ಅಷ್ಟು ಸಿಹಿಯಾಗಿದ್ದು ಬಂದವಳಿಗೆ, ಸಂಜೆ ಎರಡು ಗಂಟೆ ಯಾರನ್ನಾದರೂ ಹಿಡಿದು ಬಡಿಯದಿದ್ದರೆ ತಿಂದದ್ದು ಅರಗುವುದಿಲ್ಲ. ಗಂಡನನ್ನು ಬಡಿಯುವಂತಿಲ್ಲ, ಒಳ್ಳೆಯ ಮನುಷ್ಯ. ಅದಕ್ಕೇ ಈ ಆಟ ಹಿಡಿದುಕೊಂಡೆ.

ಆಟ ಬಹಳ ಸರಳ. ಹಿಮ ಸುರಿಯುವ ಬೆಟ್ಟದ ಮೇಲೊಂದು ಕೋಟೆ. ನಾವು ನಾಲ್ವರು ಅದನ್ನು ಕಾಯಬೇಕು, ಎದುರು ತಂಡದ ನಾಲ್ವರು ಅದರೊಳಗೆ ನುಗ್ಗಬೇಕು. ನನ್ನ ಪಾಲಿಗೆ ಹೆಬ್ಬಾಗಿಲು. ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ಕರೆದು ಕರೆದು ಒಳಗೆ ಬಿಡುವವಳು ಇಲ್ಲಿ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ. ನಮ್ಮ ತಂಡದ ಕ್ಯಾಪ್ಟನ್ ಯಾವುದೋ ಊರಿನಲ್ಲಿ ಬೇಕರಿ ನಡೆಸುವ ಹೆಂಗಸು. ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ಆ ದನಿ ಕೇಳಿದರೆ ಅವರ ಬೇಕರಿಯ ಬನ್ನುಗಳೂ ಸಾಲಾಗಿ ಎದ್ದು ನಿಲ್ಲುತ್ತಿರಬೇಕು.

"ನಿನ್ನ ಮೈಕಿನಲ್ಲಿ ಏನಮ್ಮಾ, ಹಿಟ್ಟಿನ ಗಿರಣಿ ಓಡ್ತಾ ಇದೆಯಾ?" ಎಂದು ಅವರು ಮೊದಲ ದಿನ ಕೇಳಿದ್ದರು. ಎರಡನೆಯ ದಿನ ಕೇಳಲಿಲ್ಲ, ಬೈದರು. ಮೂರನೆಯ ದಿನ, ಎದುರಾಳಿಗಳು ಬಾಗಿಲ ಮುಂದೆ ಬಂದು ನಿಂತಾಗಲೇ ನನ್ನ ತೆರೆಯ ಮೂಲೆಯಲ್ಲಿ ತೋರಿಸುವ ಕಾರ್ಡಿನ ಬಿಸಿ ತೊಂಬತ್ತು ಡಿಗ್ರಿ ದಾಟಿ, ಕಂಪ್ಯೂಟರು ಪಟ್ಟನೆ ಆರಿಹೋಯಿತು. ಅರ್ಧ ಗಂಟೆಯ ಮೇಲೆ ಕ್ಯಾಪ್ಟನ್ ಫೋನು ಬಂತು.

"ಮುಂದಿನ ವಾರದ ಭಾನುವಾರ ನಾಲ್ಕು ಗಂಟೆಗೆ ಸೆಮಿಫೈನಲ್. ಅವತ್ತೂ ಹೀಗೇ ಮಧ್ಯದಲ್ಲಿ ಕೈಕೊಟ್ಟರೆ ಬಾಗಿಲಿಗೆ ಬೇರೆಯವರನ್ನ ನಿಲ್ಲಿಸ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಂಡೆ. ಆ ಬಾಗಿಲು ನನ್ನದು.

ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್ಕು. ಅವರ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ ರೋಗ. ಒಂದೋ ಎಣ್ಣೆ ಇಲ್ಲ, ಇಲ್ಲವೇ ಭಾರ ಹೆಚ್ಚು. ನನಗೆ ತಲೆನೋವು ಬಂದರೂ ಈ ಎರಡರಲ್ಲಿ ಒಂದನ್ನು ಹೇಳುತ್ತಾರೆ. ಶನಿವಾರ ಸಂಜೆ ಡಬ್ಬದ ಪಕ್ಕ ಮಂಡಿಯೂರಿ ಕೂತು ಕಿವಿಗೊಟ್ಟು ಕೇಳಿ, "ಓವರ್‌ಲೋಡು" ಎಂದರು. "ಎಷ್ಟು ಜನರನ್ನ ಹತ್ತಿಸ್ಕೊಂಡಿದೀಯ ಇದರೊಳಗೆ?"

"ಎಂಟು ಜನ ಕಣ್ರೀ. ಕೋಟೆ ಬೇರೆ ಇದೆ."

"ನೋಡು ಮತ್ತೆ" ಎಂದು ಎದ್ದರು.

ನಮ್ಮ ಈ ಮಾತುಕತೆಯ ಹೊತ್ತಿನಲ್ಲಿ ಇನ್ನೊಬ್ಬರು ಮೆಲ್ಲಗೆ ಬಂದು ಹಿಂದೆ ನಿಂತಿದ್ದರು. ಮಾವ. ನಾವಿಬ್ಬರೂ ಬೆಚ್ಚಿಬಿದ್ದೆವು. ಯಾಕೆಂದರೆ ಮಾವ ತಮ್ಮ ಕುರ್ಚಿಯಿಂದ ತಾವಾಗಿ ಎದ್ದು ಬಂದು ಏನನ್ನಾದರೂ ನೋಡಿ ಎಂಟು ತಿಂಗಳಾಗಿತ್ತು.

ಮಾವ ದರ್ಜಿ. ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಕೋಟು ಹೊಲಿದವರು. ಆ ಕಟ್ಟಡ ಕೆಡವುತ್ತೇವೆಂದು ನೋಟೀಸು ಬಂದಾಗ, "ಸರಿ, ಸಾಕಿನ್ನು" ಎಂದಷ್ಟೇ ಹೇಳಿ ಬೀಗ ಹಾಕಿ ಬಂದರು. ಹೊಲಿಗೆ ಮೆಷಿನ್ನು ಅಡುಗೆಮನೆಯ ಪಕ್ಕದ ಅವರ ಕೋಣೆ ಸೇರಿತು. ಅದರ ಮೇಲೊಂದು ಹಳೆಯ ಹೊದಿಕೆ ಬಿತ್ತು. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕಿಟಕಿಯಿಂದ ಹೊರಗೆ ನೋಡುತ್ತಿದ್ದರು ಅಂದುಕೊಳ್ಳಬೇಡಿ. ಗೋಡೆಯ ಕಡೆ ಮುಖ. ಷರ್ಟಿನ ಗುಂಡಿ ಕಿತ್ತುಹೋಗಿದೆ ಎಂದು ಒಂದು ಸಲ ಕೊಟ್ಟರೆ, "ಕೈ ನಡುಗುತ್ತಮ್ಮ" ಎಂದು ವಾಪಸ್ಸು ಮಾಡಿದರು. ಚಹಾದ ಲೋಟ ಹಿಡಿಯುವಾಗ ಆ ಕೈ ನಡುಗಿದ್ದನ್ನು ನಾನಂತೂ ಕಂಡಿಲ್ಲ.

"ಅಪ್ಪನ ಮನಸ್ಸಿಗೆ ನೋವಾಗೋ ಹಾಗೆ ಒಂದು ಮಾತೂ ಆಡಬೇಡ" ಎಂದು ಗಂಡ ಅಪ್ಪಣೆ ಮಾಡಿದ್ದರು. ಮಾಡಬೇಕಾಗಿರಲಿಲ್ಲ, ನನಗೂ ಅವರನ್ನು ನೋಡಿದರೆ ಪಾಪ ಅನಿಸುತ್ತಿತ್ತು. ಹಾಗಾಗಿ ಮಾವ ಏನು ಮಾಡಿದರೂ ನಾವು ಹೊಗಳುತ್ತಿದ್ದೆವು. ಒಂದು ಬೆಳಗ್ಗೆ ಅವರೇ ಚಹಾ ಮಾಡಿ, ಸಕ್ಕರೆ ಅಂದುಕೊಂಡು ಉಪ್ಪು ಸುರಿದಿದ್ದರು. ನಾವಿಬ್ಬರೂ ಕಣ್ಣಲ್ಲಿ ನೀರು ತುಂಬಿಕೊಂಡು ಲೋಟ ಖಾಲಿ ಮಾಡಿ, "ಭಾಳ ಚೆನ್ನಾಗಿದೆ" ಎಂದೆವು. ಮಾವ ತಮ್ಮ ಲೋಟದಿಂದ ಒಂದು ಗುಟುಕು ಕುಡಿದು ಕೆಳಗಿಟ್ಟರು. ನಮ್ಮಿಬ್ಬರ ಮುಖವನ್ನೂ ನೋಡಿದರು. ಹೋಗಿ ಕುರ್ಚಿಯಲ್ಲಿ ಕೂತರು.

ಅಂಥವರು ಈಗ ಡಬ್ಬದ ಮುಂದೆ ಬಗ್ಗಿ ನಿಂತು, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಕೇಳಿದರು, "ಪಾಪ, ಏನಮ್ಮ ಇದಕ್ಕೆ ಇಷ್ಟು ಸಂಕಟ?"

"ಬಿಸಿ ಆಗುತ್ತೆ ಮಾವ. ಅದಕ್ಕೆ ಕೂಗುತ್ತೆ."

ಮಾವ ಡಬ್ಬದ ಮೇಲೆ ಬೆರಳು ಅಗಲಿಸಿ ಗೇಣು ಹಾಕಿದರು. ಉದ್ದಕ್ಕೆ ಎರಡು, ಅಡ್ಡಕ್ಕೆ ಒಂದೂವರೆ. ಹಾಗೇ ಗೊಣಗಿಕೊಳ್ಳುತ್ತಾ ಹೊರಟುಹೋದರು. ವಯಸ್ಸಾದವರು, ಏನೋ ಹಳೆಯ ಚಾಳಿ ಅಂದುಕೊಂಡೆ. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಸೋಮವಾರ ಬೆಳಗ್ಗೆ ಗಂಡ ಡಬ್ಬ ಬಿಚ್ಚಿ, ಆ ಕಾರ್ಡನ್ನು ಹೊರಗೆಳೆದು ನನ್ನ ಕೈಗಿಟ್ಟರು. ಇಟ್ಟಿಗೆಯಷ್ಟು ದಪ್ಪ. ಫ್ಯಾನಿನ ರೆಕ್ಕೆಗಳ ಮೇಲೆ ದೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಬಾಯಲ್ಲಿ ಊದಿದರೆ ನನ್ನ ಕಣ್ಣಿಗೇ ಬಂತು. ಬ್ರಷ್ಷಿನಲ್ಲಿ ಉಜ್ಜಿದರೆ ಇನ್ನೂ ಒಳಗೆ ಹೋಯಿತು. ಆಗ ನನಗೆ ನಮ್ಮ ಕ್ಲಿನಿಕ್ಕಿನ ಗಾಳಿಕೊಳವೆ ನೆನಪಾಯಿತು. ಹಲ್ಲಿನ ಸಂದಿಗೆ ಪುಸ್ ಎಂದು ಗಾಳಿ ಬಿಡುತ್ತಾರಲ್ಲ, ಅದು. ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಕೈಚೀಲದೊಳಗಿಟ್ಟುಕೊಂಡು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಡಾಕ್ಟರು ಊಟಕ್ಕೆ ಎದ್ದ ತಕ್ಷಣ ಅದನ್ನು ರೋಗಿಯ ಕುರ್ಚಿಯಲ್ಲಿ ಮಲಗಿಸಿ, ಮೇಲಿನ ದೀಪ ಹಾಕಿ, ಗಾಳಿ ಬಿಟ್ಟೆ. ಮೂರು ವರ್ಷದ ದೂಳು ಒಂದೇ ಏಟಿಗೆ ಎದ್ದು ಕೋಣೆ ತುಂಬಿತು. ಅಷ್ಟರಲ್ಲಿ ಡಾಕ್ಟರು, ಕನ್ನಡಕ ಮರೆತಿದ್ದರಂತೆ, ಒಳಗೆ ಬಂದರು.

"ಇದು ಯಾರ ದವಡೆ?" ಎಂದರು.

ಕೆಲಸ ಹೋಯಿತು ಅಂದುಕೊಂಡೆ. ಆದರೆ ನಮ್ಮ ಡಾಕ್ಟರಿಗೆ ಕೊಳೆ ಕಂಡರೆ ಊಟ ಬೇಡ. ಕೈಗವಸು ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತರು. ಫ್ಯಾನು ತಿರುಗದ ಹಾಗೆ ಒಂದು ಬೆರಳಿನಲ್ಲಿ ಒತ್ತಿ ಹಿಡಿದು, ಸಣ್ಣ ಕೊಕ್ಕೆಯಿಂದ ಸಂದುಸಂದಿಗೂ ಕೈ ಹಾಕಿ ಹತ್ತು ನಿಮಿಷದಲ್ಲಿ ಅದನ್ನು ಹೊಸದರ ಹಾಗೆ ಮಾಡಿಕೊಟ್ಟರು. "ಆರು ತಿಂಗಳಿಗೊಂದು ಸಲ ಕ್ಲೀನಿಂಗ್ ಮಾಡಿಸಬೇಕು. ನಿರ್ಲಕ್ಷ್ಯ ಮಾಡಿದ್ರೆ ಹೀಗೇ ಆಗೋದು" ಎಂದು ಅಭ್ಯಾಸಬಲದಿಂದ ಕಾರ್ಡಿಗೇ ಬುದ್ಧಿ ಹೇಳಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಒಬ್ಬ ರೋಗಿ, "ನನ್ನ ನಂಬರು ಇದಾದ ಮೇಲಾ?" ಎಂದು ಅಳುಮೋರೆ ಮಾಡಿಕೊಂಡು ಕೇಳಿದ.

ಸಂಜೆ ಮೆಟ್ಟಿಲು ಹತ್ತುವಾಗ ಹಾಡು ಗುನುಗಿಕೊಂಡೇ ಬಂದೆ. ನಮ್ಮ ಬಾಗಿಲ ಹೊರಗೆ ಗಂಡ ನಿಂತಿದ್ದರು. ಚಪ್ಪಲಿ ಬಿಚ್ಚಿಲ್ಲ, ಬೆಲ್ಲು ಒತ್ತಿಲ್ಲ, ಸುಮ್ಮನೆ ನಿಂತಿದ್ದಾರೆ. ತುಟಿಯ ಮೇಲೆ ಬೆರಳಿಟ್ಟು ನನಗೂ ನಿಲ್ಲಲು ಸನ್ನೆ ಮಾಡಿದರು. ಒಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಟಕಟಕಟಕ ಎಂದು ಓಡುತ್ತದೆ, ನಿಲ್ಲುತ್ತದೆ, ಬಟ್ಟೆ ತಿರುಗಿಸುವಷ್ಟು ಹೊತ್ತು, ಮತ್ತೆ ಓಡುತ್ತದೆ. ಗಂಡನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು. ಎಂಟು ತಿಂಗಳ ಮೇಲೆ ಆ ಸದ್ದು ಕೇಳಿದ ಸಂತೋಷಕ್ಕೆ ನಾವಿಬ್ಬರೂ ನಮ್ಮದೇ ಮನೆಯ ಹೊರಗೆ ಕಾಲು ಗಂಟೆ ನಿಂತೆವು.

ಒಳಗೆ ಹೋದಾಗ ಮಾವ ಹೊಲಿದದ್ದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೋರಿಸಿದರು.

ಕೋಟು. ನನ್ನ ಕಂಪ್ಯೂಟರಿಗೆ. ಬೂದಿ ಬಣ್ಣದ ಸೂಟಿನ ಬಟ್ಟೆ, ಅಂಚಿಗೆ ಕಪ್ಪು ಪೈಪಿಂಗು, ಒಂದೊಂದು ವಯರಿಗೂ ಒಂದೊಂದು ಕಾಜಾ, ಮುಂದುಗಡೆ ಮೌಸು ಇಟ್ಟುಕೊಳ್ಳಲು ಜೇಬು. ಒಳಗಡೆ ಬೆರಳು ದಪ್ಪದ ಹತ್ತಿಯ ಅಸ್ತರು. ಒಂದು ಹೊಲಿಗೆ ಸೊಟ್ಟ ಇಲ್ಲ.

"ಅದರ ಒದ್ದಾಟ ನೋಡೋಕ್ಕಾಗ್ಲಿಲ್ಲ ಕಣಮ್ಮ" ಎಂದರು ಮಾವ. "ಸದ್ದು ಹೊರಗೆ ಬರಬಾರದು ಅಂತ ಒಳಗೆ ಹತ್ತಿ ಕೊಟ್ಟಿದೀನಿ. ಹಾಕಿ ನೋಡು."

ಬಿಸಿಯಿಂದ ಕೂಗುತ್ತಿದ್ದ ವಸ್ತುವಿಗೆ ಹತ್ತಿಯ ಕೋಟು! ಬಾಯಿ ತೆರೆದೆ. ಮಾವನ ಹೆಗಲ ಹಿಂದಿನಿಂದ ಗಂಡ ಎರಡೂ ಕೈ ಜೋಡಿಸಿ ನನ್ನನ್ನು ನೋಡುತ್ತಿದ್ದರು. ತೆರೆದ ಬಾಯಿಗೆ ಕ್ಲಿನಿಕ್ಕಿನ ನಗು ತಂದುಕೊಂಡು ಹೇಳಿದೆ, "ಭಾಳ ಚೆನ್ನಾಗಿದೆ ಮಾವ. ಅಳತೆ ತೆಗೆದ ಹಾಗೆ ಕೂರುತ್ತೆ."

ನಿಜಕ್ಕೂ ಹಾಗೇ ಕೂತಿತ್ತು. ಗಾಳಿ ಹೋಗಲು ಒಂದು ಸೂಜಿಮೊನೆಯಷ್ಟು ಜಾಗವಿರಲಿಲ್ಲ. ಕಾರ್ಡು ಜೋಡಿಸಿ, ಕೋಟು ತೊಡಿಸಿ ಆಟ ತೆರೆದರೆ ಹತ್ತು ನಿಮಿಷಕ್ಕೆ ಎಂಬತ್ತೆರಡು ತೋರಿಸಿತು, ಕೂಗೂ ಶುರುವಾಯಿತು. ಮರುದಿನ ಬೆಳಗ್ಗೆ ಮಾವ ಎಂಟು ತಿಂಗಳ ಮೇಲೆ ಮೊದಲ ಸಲ ವಾಕಿಂಗಿಗೆ ಹೋದಾಗ ಕೋಟು ಬಿಚ್ಚಿ ಪರೀಕ್ಷೆ ಮಾಡಿದೆ. ಅರವತ್ತೈದು. ಫ್ಯಾನು ಇದೆಯೋ ಇಲ್ಲವೋ ಅನ್ನುವಷ್ಟು ನಿಶ್ಶಬ್ದ. ಡಾಕ್ಟರ ಕೈಗುಣ ಚೆನ್ನಾಗಿಯೇ ಇತ್ತು. ಅಂದರೆ ಈಗ ಉಳಿದಿದ್ದ ರೋಗ ಕೋಟೊಂದೇ.

ಹಾಗಾದರೆ ಬಿಚ್ಚಿ ಆಚೆಗಿಡಬಾರದೆ ಎಂದು ನೀವು ಕೇಳಬಹುದು. ಇಟ್ಟೆ. ವಾಕಿಂಗು ಮುಗಿಸಿ ಬಂದ ಮಾವ ಅದನ್ನು ಕುರ್ಚಿಯ ಮೇಲೆ ಕಂಡು, "ಬೇಡ ಆಯ್ತಾ?" ಎಂದರು. ಅಷ್ಟೇ ಕೇಳಿದ್ದು. ನಾನು ಎದ್ದು ಬಿದ್ದು ಅದನ್ನು ಮತ್ತೆ ತೊಡಿಸಿ ಗುಂಡಿ ಹಾಕಿದೆ.

ಮಂಗಳವಾರ ಸಂಜೆ ಮಾವ ಬಂದು ಕಿವಿಗೊಟ್ಟು ನಿಂತರು. "ಇನ್ನೂ ಕೇಳಿಸ್ತಿದೆಯಲ್ಲಮ್ಮ. ಅಸ್ತರು ಸಾಲದು" ಎಂದು ಹೊತ್ತುಕೊಂಡು ಹೋಗಿ, ಬುಧವಾರ ಎರಡನೆಯ ಪದರ ಕೊಟ್ಟು ತಂದರು. ಪದರ ಹೆಚ್ಚಿದ್ದಕ್ಕೆ ಬಿಸಿ ಹೆಚ್ಚಿತು, ಬಿಸಿ ಹೆಚ್ಚಿದ್ದಕ್ಕೆ ಕೂಗು ಹೆಚ್ಚಿತು, ಕೂಗು ಹೆಚ್ಚಿದ್ದಕ್ಕೆ ಮಾವ ಮತ್ತೆ ಅಳತೆ ತೆಗೆದರು. ಗುರುವಾರ ನಾನು ಉಪಾಯವೊಂದನ್ನು ಹೂಡಿ, "ಕೊಳೆ ಆಗಿದೆ ಮಾವ, ಒಗೆಯೋಕೆ ಹಾಕ್ತೀನಿ" ಎಂದೆ. "ಅದಕ್ಕೇನಂತೆ, ಒಗೆದು ಬರೋವರೆಗೆ ಇದಿರಲಿ" ಎಂದು ಕೋಣೆಯಿಂದ ಇನ್ನೊಂದು ಕೋಟು ತಂದರು. ಕಂದು ಬಣ್ಣ. ದಿನವಹಿ ಬಳಕೆಗಂತೆ. ಶುಕ್ರವಾರ ಟೇಬಲ್ ಫ್ಯಾನನ್ನು ಡಬ್ಬದ ಕಡೆ ತಿರುಗಿಸಿಟ್ಟೆ. ಮಾವ ಅದನ್ನು ಪ್ರೀತಿಯಿಂದ ನನ್ನ ಕಡೆ ತಿರುಗಿಸಿ, "ಬೆವರ್ತಾ ಇರೋಳು ನೀನು, ಅದಕ್ಯಾಕಮ್ಮ ಗಾಳಿ?" ಎಂದರು. ಬೆವರುತ್ತಿದ್ದದ್ದು ನಿಜ, ಡಬ್ಬದ ಬಿಸಿಗೆ.

ಅಡುಗೆಮನೆಯಲ್ಲಿ ನಾನೂ ಗಂಡನೂ ಪಿಸುದನಿಯಲ್ಲಿ ಜಗಳವಾಡಿದೆವು.

"ನೀವೇ ಹೇಳಿ. ನಿಮ್ಮಪ್ಪ."

"ನೀನೇ ಹೇಳು. ನಿನ್ನ ಕಂಪ್ಯೂಟರು."

"ಹೇಳಿದ ಮೇಲೆ ಅವರು ಮತ್ತೆ ಹೋಗಿ ಗೋಡೆ ನೋಡ್ತಾ ಕೂತರೆ?"

ಜಗಳ ಅಲ್ಲಿಗೇ ನಿಂತಿತು. ಯಾಕೆಂದರೆ ಆ ಐದು ದಿನಗಳಲ್ಲಿ ಮಾವ ಬೇರೆ ಮನುಷ್ಯರೇ ಆಗಿದ್ದರು. ದಿನಾ ಗಡ್ಡ ಕೆರೆದುಕೊಳ್ಳುತ್ತಿದ್ದರು. ದಾರದ ಅಂಗಡಿಗೆ ತಾವೇ ನಡೆದು ಹೋಗಿ, ಬೂದಿ ಬಣ್ಣದಲ್ಲಿ ಎಷ್ಟು ಬಗೆ ಎಂದು ಅಂಗಡಿಯವನ ಜೊತೆ ಅರ್ಧ ಗಂಟೆ ವಾದ ಮಾಡಿ, ಗೆದ್ದು ಬಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡಿದ್ದರು. ಒಂದು ಆಟಕ್ಕಾಗಿ ಇದನ್ನೆಲ್ಲ ಕೆಡಿಸಲೇ? ಕೆಡಿಸಲಾರೆ ಅಂದುಕೊಂಡೆ. ಆದರೆ ನನ್ನ ಬಾಗಿಲನ್ನೂ ಬಿಡಲಾರೆ. ಎರಡೂ ಬೇಕಾದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಏನೂ ಮಾಡಲಿಲ್ಲ.

ಶನಿವಾರ ಮಾವ ಮೂರನೆಯ ಅಸ್ತರು ಹಾಕಿದರು. ಈ ಸಲ ಕಂಬಳಿಯ ಬಟ್ಟೆ. ಜೊತೆಗೆ, ಸೆಮಿಫೈನಲ್ಲು ಎಂದು ಕೇಳಿದ್ದರಿಂದ, ಒಂದು ಕಾಲರು.

ಭಾನುವಾರ ಮೂರೂ ಮುಕ್ಕಾಲಿಗೆ ಮಾವ ತಮ್ಮ ಕುರ್ಚಿಯನ್ನು ಕಿಟಕಿಯ ಪಕ್ಕದಿಂದ ಎತ್ತಿ ತಂದು ನನ್ನ ಹಿಂದೆ ಹಾಕಿಕೊಂಡು ಕೂತರು. ಆಟ ಅವರಿಗೆ ಒಂದಿಷ್ಟೂ ಅರ್ಥವಾಗುತ್ತಿರಲಿಲ್ಲ. ಅವರು ನೋಡಲು ಬಂದದ್ದು ಮೇಜಿನ ಕೆಳಗೆ ಕಾಲರು ತೊಟ್ಟು ನಿಂತಿದ್ದ ಡಬ್ಬವನ್ನು. ಗಂಡ ಬಾಗಿಲಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದರು. ಕೋಟು ಚೆನ್ನಾಗಿದೆ ಎಂಬ ಸುಳ್ಳು ನಮಗಿಬ್ಬರಿಗೂ ಗೊತ್ತಿತ್ತಲ್ಲ.

ಮೊದಲ ಹತ್ತು ನಿಮಿಷ ನಾನು ಒಬ್ಬರನ್ನೂ ಒಳಗೆ ಬಿಡಲಿಲ್ಲ. ಹಿಮ ಸುರಿಯುತ್ತಿತ್ತು, ನಾನು ಬಡಿಯುತ್ತಿದ್ದೆ, ಕ್ಯಾಪ್ಟನ್ "ಶಭಾಷ್, ಹಾಗೇ ಹಿಡ್ಕೋ, ಹಾಗೇ ಹಿಡ್ಕೋ" ಎನ್ನುತ್ತಿದ್ದರು. ಎಂಬತ್ತಾರು ಆಯಿತು. ಎಂಬತ್ತೊಂಬತ್ತು ಆಯಿತು. ಕೋಟಿನೊಳಗಿನಿಂದ ಫ್ಯಾನು, ಬಾಯಿಗೆ ಬಟ್ಟೆ ತುರುಕಿದವರ ಹಾಗೆ ಹೂಂಕರಿಸತೊಡಗಿತು. "ನೋಡಿದ್ಯಾ, ಸದ್ದು ಎಷ್ಟು ಮೆತ್ತಗಾಗಿದೆ" ಎಂದರು ಮಾವ ಹಿಂದಿನಿಂದ. ತೊಂಬತ್ತೆರಡು. ಬಿಸಿಗೆ ಆಟ ತಡವರಿಸಿ, ನನ್ನ ಯೋಧೆ ಕತ್ತಿ ಎತ್ತಿದವಳು ಅರ್ಧಕ್ಕೇ ನಿಂತಳು, ಆಮೇಲೆ ಒಂದಿಷ್ಟು ಇಳಿಸಿದಳು. ಬಾಗಿಲ ಮುಂದೆ ಆ ಕಡೆಯ ನಾಲ್ವರೂ ಬಂದು ಸೇರಿದ್ದರು. ಇನ್ನು ಮೂರು ನಿಮಿಷ ತಡೆದರೆ ಗೆಲುವು ನಮ್ಮದು. ತೊಂಬತ್ತೈದು.

ತೆರೆ ಕಪ್ಪಾಯಿತು. ಫ್ಯಾನು ನಿಂತಿತು.

"ಆಹಾ, ಈಗ ನೋಡು. ಸದ್ದು ಪೂರ್ತಿ ನಿಂತೋಯ್ತು" ಎಂದರು ಮಾವ.

ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ನುಂಗಿದ್ದೆಲ್ಲ ಆ ಹೊತ್ತಿಗೇ ಸರಿಯಾಗಿ ಗಂಟಲಿಗೆ ಬಂತು.

"ಏನ್ ಹೊಲಿದಿದೀರಿ ಮಾವ ಇದು? ಏನಿದು? ಉಸಿರಾಡೋಕೆ ಒಂದು ಕಿಂಡಿ ಬೇಡ್ವಾ ಅದಕ್ಕೆ? ಮೂಗು ಎಲ್ಲಿ, ಬಾಯಿ ಎಲ್ಲಿ ಅಂತಾನೂ ನೋಡದೆ ನೆತ್ತಿಯಿಂದ ಹಿಮ್ಮಡಿವರೆಗೂ ಹೊಲಿದು ಗುಂಡಿ ಹಾಕಿಬಿಟ್ರಲ್ಲ! ಬಿಸಿಯಾಗಿ ಸಾಯ್ತಿರೋದಕ್ಕೆ ಕಂಬಳಿ ಅಸ್ತರು! ಅದರ ಮೇಲೆ ಕಾಲರು ಬೇರೆ ಕೇಡು! ನಲವತ್ತು ವರ್ಷ ಹೊಲಿದವರಿಗೆ ಇಷ್ಟೂ ಗೊತ್ತಾಗಲ್ವಾ? ಬಿಗಿ! ಎಲ್ಲಾ ಕಡೆ ಬಿಗಿ! ಇಂಥ ಕೋಟು ನಾನು ಹುಟ್ಟಿದ ಮೇಲೆ ನೋಡಿಲ್ಲ!"

ಹೇಳಿ ಮುಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಗಂಡನ ಮುಖ ಸುಣ್ಣದ ಹಾಗಾಗಿತ್ತು. ಮಾವ ನನ್ನನ್ನೇ ನೋಡುತ್ತಿದ್ದರು. ನಿಧಾನವಾಗಿ ಎದ್ದರು. ಬಿದ್ದಿದ್ದ ನನ್ನ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮುಗೀತು" ಎಂದರು ಗಂಡ.

ನನ್ನ ನಾಲಿಗೆಯನ್ನು ಕತ್ತರಿಸಿ ಬಿಸಾಡಬೇಕು ಅನಿಸಿತು. ಆಟ ಹಾಳಾಗಲಿ, ಬಾಗಿಲು ಹಾಳಾಗಲಿ, ಆ ಮನುಷ್ಯ ಮತ್ತೆ ಒಂದು ಸಲ ಅದೇ ಗೋಡೆಯ ಮುಂದೆ ಕೂತರೆ ಅದಕ್ಕೆ ನಾನೇ ಕಾರಣ. ಕೋಣೆಯೊಳಗೆ ಡ್ರಾಯರು ಎಳೆಯುವ ಸದ್ದಾಯಿತು. ಏನೋ ಬಿತ್ತು. ಮತ್ತೆ ಡ್ರಾಯರು. ನಾವಿಬ್ಬರೂ ಆ ಬಾಗಿಲನ್ನೇ ನೋಡುತ್ತಾ ನಿಂತೆವು. ನನ್ನ ಫೋನು ಹೊಡೆದುಕೊಳ್ಳತೊಡಗಿತು, ಕ್ಯಾಪ್ಟನ್ನು. ಎತ್ತಲಿಲ್ಲ.

ಬಾಗಿಲು ತೆರೆಯಿತು. ಮಾವ ಇಸ್ತ್ರಿ ಮಾಡಿದ ತುಂಬುತೋಳಿನ ಷರ್ಟು ಹಾಕಿಕೊಂಡಿದ್ದರು. ಕೊರಳಲ್ಲಿ ಅಳತೆಪಟ್ಟಿ, ಕಿವಿಯ ಮೇಲೆ ಗುರುತು ಹಾಕುವ ಸುಣ್ಣದ ಕಡ್ಡಿ. ಬಂದು ನನ್ನ ಮುಂದೆ ನೆಟ್ಟಗೆ ನಿಂತು, ಅಂಗಡಿಯ ದನಿಯಲ್ಲಿ ಕೇಳಿದರು.

"ಹೇಳಿ ಮೇಡಂ. ಎಲ್ಲೆಲ್ಲಿ ಬಿಗಿ?"

ನನಗೆ ಅಳು ಬಂತು. "ತಪ್ಪಾಯ್ತು ಮಾವ. ಕೋಪದಲ್ಲಿ ಏನೋ ಅಂದುಬಿಟ್ಟೆ. ಹಾಗೇನಿಲ್ಲ, ಚೆನ್ನಾಗಿಯೇ..."

"ಚೆನ್ನಾಗಿದೆ ಅನ್ಬೇಡ!" ಮಾವ ಗದರಿದರು. ಅವರು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಂಟು ತಿಂಗಳಿಂದ ಈ ಮನೇಲಿ ಅದೊಂದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ಉಪ್ಪು ಹಾಕಿದ ಟೀ ಕೊಟ್ಟರೂ ಚೆನ್ನಾಗಿದೆ ಅಂತೀರಿ. ನಾನೇನು ಸತ್ತು ಹೋಗಿದೀನಾ ಅಂದ್ಕೊಂಡಿದ್ದೆ. ಸತ್ತವರನ್ನ ಮಾತ್ರ ಯಾರೂ ಬೈಯಲ್ಲ."

ಗಂಡ ಏನೋ ಹೇಳಲು ಹೋದರು. ಮಾವ ಕೈ ಎತ್ತಿ ತಡೆದರು.

"ಅಂಗಡಿಗೆ ಬಂದು ಕೂಗಾಡಿದ ಗಿರಾಕಿ ಮತ್ತೆ ಬರ್ತಾನೆ ಕಣಪ್ಪ. ಅವನಿಗೆ ನನ್ನ ಕೆಲಸ ಬೇಕು, ಅದಕ್ಕೆ ಕೂಗಾಡ್ತಾನೆ. ಚೆನ್ನಾಗಿದೆ ಅಂತ ನಕ್ಕು ತಗೊಂಡು ಹೋಗಿ, ಮನೇಲಿ ಮೂಲೆಗೆ ಹಾಕ್ತಾನಲ್ಲ, ಅವನು ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಈಗ ಅಂದ್ಯಲ್ಲ, ಹಾಗೆ ಹೇಳು. ಎಲ್ಲಿ ಬಿಗಿ?" ಎಂದರು.

ನಾನು ಮೂಗು ಒರೆಸಿಕೊಂಡು ನೆಲದ ಮೇಲೆ ಕೂತೆ. ಮಾವನೂ ಕೂತರು. ಕೋಟಿನ ಗುಂಡಿ ಬಿಚ್ಚಿದೆ, ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮುಂದುಗಡೆಯಿಂದ ಗಾಳಿ ಒಳಗೆ ಹೋಗಬೇಕು, ಹಿಂದಿನಿಂದ ಹೊರಗೆ ಬರಬೇಕು ಎಂದು ತೋರಿಸಿದೆ. ಮಾವ ಹಿಂದುಗಡೆಯ ಜಾಲರಿಗೆ ಅಂಗೈ ಹಿಡಿದು, ಸುಟ್ಟವರ ಹಾಗೆ ತೆಗೆದರು.

"ಅಯ್ಯೋ ಶಿವನೇ, ಇದು ಬೆನ್ನಲ್ಲಿ ಉಸಿರು ಬಿಡುತ್ತಾ? ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ನೀನು? ಗಿರಾಕಿಗೆ ಗೂನು ಇದ್ದರೆ ಮೊದಲೇ ಹೇಳಬೇಕು ತಾನೇ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು ಆಮೇಲೆ. ಮೊದಲು ಅಳತೆ" ಎಂದು ಪಟ್ಟಿ ಬಿಚ್ಚಿದರು.

ಬೆನ್ನಿಗೆ ಕೋಟಿನ ಹಾಗೆ ಸೀಳು, ಸೀಳಿಗೆ ಬಲೆಯ ಬಟ್ಟೆ, ಎದೆಯ ಭಾಗ ಪೂರ್ತಿ ತೆರವು, ಮೂರೂ ಅಸ್ತರು ರದ್ದು. ಕಾಲರು ಮಾತ್ರ ಇರಲಿ ಎಂದು ಮಾವ ಹಟ ಹಿಡಿದರು. ಕಾಲರು ಬೇಡವೇ ಬೇಡ ಎಂದು ನಾನು ಜಗಳ ತೆಗೆದೆ. ನಾನು ಜಗಳ ತೆಗೆದಷ್ಟೂ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುವಾಗ ಅವರ ಕೈ ಒಂದು ಕೂದಲಷ್ಟೂ ಅಲುಗಲಿಲ್ಲ.

ಅಷ್ಟರಲ್ಲಿ ಫೋನು ಆರನೆಯ ಸಲ ಹೊಡೆದುಕೊಂಡಿತು. ಎತ್ತಿದೆ.

"ಬಾಗಿಲು ಬಿಟ್ಟು ಎಲ್ಲಿಗೆ ಹೋದ್ಯಮ್ಮ? ಕೋಟೆ ಹೋಯ್ತು, ಸೆಮಿಫೈನಲ್ಲೂ ಹೋಯ್ತು! ಮುಂದಿನ ಸಲದಿಂದ ಬಾಗಿಲಿಗೆ ಬೇರೆಯವರು, ಹೇಳಿಬಿಟ್ಟಿದೀನಿ!"

"ಆಗಲಿ ಕ್ಯಾಪ್ಟನ್. ಬೈಯೋದು ಬಾಕಿ ಇದ್ರೆ ಆಮೇಲೆ ಫೋನ್ ಮಾಡ್ತೀನಿ, ಕೇಳಿಸ್ಕೊಳ್ತೀನಿ. ಈಗ ಇಲ್ಲಿ ಟ್ರಯಲ್ ನಡೀತಿದೆ" ಎಂದು ಇಟ್ಟೆ. ಎದೆಯಲ್ಲಿ ಒಂದು ಕಡೆ ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ಈಗ ನಾನು ಆ ತಂಡದಲ್ಲಿ ಹೆಚ್ಚುವರಿ ಆಟಗಾರ್ತಿ. ಯಾರಿಗಾದರೂ ನೆಗಡಿಯಾದರೆ ಮಾತ್ರ ಕರೆಯುತ್ತಾರೆ.

ಮಾವ ಗುರುತು ಹಾಕಿದ ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಎದ್ದರು. "ಶುಕ್ರವಾರ ಸಂಜೆ ಬನ್ನಿ ಮೇಡಂ, ರೆಡಿ ಇರುತ್ತೆ" ಎಂದು ಹೇಳಿ ಕೋಣೆಗೆ ಹೋದರು.

ಶುಕ್ರವಾರ ಸಂಜೆ ಆರೂವರೆಗೆ ಅವರ ಕೋಣೆಯ ಬಾಗಿಲು ತಟ್ಟಿದೆ. ಕೋಟು ಆಗಿರಲಿಲ್ಲ. ಯಾವ ದರ್ಜಿ ತಾನೇ ಹೇಳಿದ ದಿನ ಕೊಟ್ಟಿದ್ದಾನೆ! ಸೀಳು ಹೊಲಿದಿದ್ದರು, ಬಲೆಯ ಬಟ್ಟೆ ಕೂರಿಸಿರಲಿಲ್ಲ, ಗುಂಡಿ ಒಂದೂ ಬಿದ್ದಿರಲಿಲ್ಲ. ಮೆಷಿನ್ನಿನ ಮೇಲೆ ಅದರ ಬದಲು ಗಂಡನ ಎರಡು ಪ್ಯಾಂಟು, ಎದುರು ಮನೆಯವರ ಕಿಟಕಿಯ ಪರದೆ ಬಿದ್ದಿದ್ದವು. ಎದುರು ಮನೆಯವರು ಯಾವಾಗ ಬಂದರೋ, ಯಾರು ಕರೆದರೋ ನನಗೆ ಗೊತ್ತಿಲ್ಲ.

ಸೊಂಟಕ್ಕೆ ಕೈಕೊಟ್ಟು ನಿಂತು ಬೈಯಲು ಶುರು ಮಾಡಿದೆ. ಹೇಳಿದ ದಿನ ಕೊಡುವುದಿಲ್ಲ ಅಂದರೆ ಯಾಕೆ ಒಪ್ಪಿಕೊಳ್ಳಬೇಕು, ನಮಗೇನು ಬೇರೆ ಕೆಲಸ ಇಲ್ಲವೆ, ಊರಲ್ಲಿ ಇನ್ನೊಬ್ಬ ಟೈಲರು ಇಲ್ಲವೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಾವ ತಲೆ ತಗ್ಗಿಸಿಕೊಂಡು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಅಂಗಡಿಯ ಕಾಲದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹಾಗೆ ಎಲ್ಲವನ್ನೂ ಕೇಳಿಸಿಕೊಂಡರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೋ ಎಂದು ಹೆದರಿ ಬಗ್ಗಿ ನೋಡಿದೆ. ನಕ್ಕರೆ ಪಿನ್ನು ಚುಚ್ಚುತ್ತದೆಂದು ತಡೆದುಕೊಂಡಿದ್ದರು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಕಣ್ಣು ಒರೆಸಿಕೊಂಡು ಹೇಳಿದರು.

"ಸೋಮವಾರ ಬನ್ನಿ ಮೇಡಂ."